‘ಇದ್ದಿಲು’ ಓದಿ ಹೇಳಿದ ದಿನಗಳು

ಮಾರ್ಚ್ ೪, ಸೋಮವಾರ

ಕಣ್ಣಿಗೆ ಹನಿ ಹಾಕಿದ ಹೊತ್ತು ಬರೆದಿಡಿ ಅಂತ ನರ್ಸ್ ಹೇಳಿದ್ದಕ್ಕೆ ಮಗಳ ಹಳೇ ನೋಟ್‌ಬುಕ್ ಒಂದನ್ನು ಬ್ಯಾಗಿಗೆ ಹಾಕಿಕೊಂಡು ಬಂದೆ. ಸಂಜೆಯ ಹನಿ ಹಾಕಿದ್ದಾಯಿತು.

ಮಧ್ಯಾಹ್ನ ಅಣ್ಣನನ್ನು ಆಸ್ಪತ್ರೆಯಿಂದ ಅವನ ಮನೆಗೆ ಕರೆತಂದೆ. ಆಪರೇಷನ್ ಚೆನ್ನಾಗಿ ಆಗಿದೆಯಂತೆ. ಕಣ್ಣಿನ ಹಿಂದಿನ ಪರದೆ ಗೋಡೆಯ ಸುಣ್ಣದ ಹಾಗೆ ಎದ್ದು ಬಂದಿತ್ತು, ಒಳಗೆ ಗಾಳಿಗುಳ್ಳೆ ತುಂಬಿ ಅದನ್ನು ಒತ್ತಿ ಕೂರಿಸಿದ್ದಾರೆ. ಗುಳ್ಳೆ ಒತ್ತಿಕೊಂಡೇ ಇರಬೇಕಾದರೆ ಇವನು ಬೋರಲು ಮಲಗಿಯೇ ಇರಬೇಕು. ಉಣ್ಣುವಾಗಲೂ ತಲೆ ತಗ್ಗಿಸಿಯೇ. ಎಡಗಣ್ಣು ಹುಡುಗನಾಗಿದ್ದಾಗಲೇ ಉಕ್ಕಿನ ಚೂರು ಸಿಡಿದು ಹೋಗಿದೆ. ಇರುವುದು ಇದೊಂದು.

“ಎಲ್ಲ ಸರಿಹೋಗುತ್ತೆ ಅಣ್ಣ” ಅಂದೆ.

ಮಾರ್ಚ್ ೫

ಹನಿ ಹಾಕಿದೆ, ಮೂರು ಹೊತ್ತೂ.

ಮಾತಿಲ್ಲ ಕತೆಯಿಲ್ಲ. ಅಣ್ಣ ನನಗಿಂತ ಬಹಳ ದೊಡ್ಡವನು. ಅಪ್ಪ ಹೋದಮೇಲೆ ನನ್ನನ್ನು ಓದಿಸಿದವನು ಅವನು, ಮದುವೆ ಮಾಡಿಕೊಟ್ಟವನೂ ಅವನೇ. ತಾನು ಒಂಟಿಯಾಗಿ ಉಳಿದ. ಬಸ್ ನಿಲ್ದಾಣದ ಗೋಡೆಗೆ ಒತ್ತಿಕೊಂಡಿರುವ ಪೆಟ್ಟಿಗೆಯಂಥ ಅಂಗಡಿಯಲ್ಲಿ ಬೀಗ ರಿಪೇರಿ ಮಾಡುತ್ತಾನೆ, ಕೀಲಿಕೈ ಮಾಡಿಕೊಡುತ್ತಾನೆ. ನನಗೆ ಅವನ ಮೇಲಿರುವುದು ಪ್ರೀತಿಯೋ ಹೆದರಿಕೆಯೋ ಇವತ್ತಿಗೂ ಗೊತ್ತಿಲ್ಲ. “ಊಟ ಆಯ್ತಾ?” “ಆಯ್ತು.” “ಸರಿ, ಇಡ್ಲಾ?” ಫೋನಿನಲ್ಲಿ ಇಷ್ಟು ವರ್ಷ ನಡೆದದ್ದು ಇಷ್ಟೇ. ಈಗ ಹಗಲೆಲ್ಲ ಒಂದೇ ಕೋಣೆ. ನನಗೆ ಕಾಣುವುದು ಅವನ ತಲೆಯ ಹಿಂಭಾಗ.

ಮನೆಯಿಂದ ಇವರು ಫೋನ್ ಮಾಡಿದ್ದರು. “ಇನ್ನೆಷ್ಟು ದಿನ? ನಿನ್ನ ಆಫೀಸಿನಿಂದ ನನ್ನನ್ನೇ ಕೇಳ್ತಿದ್ದಾರೆ” ಅಂದರು. ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಫೋನ್ ಎತ್ತುವವಳು ನಾನೊಬ್ಬಳೇ ಏನು? ಬೇಗ ಬರುತ್ತೇನೆ ಅಂದೆ.

ಮಾರ್ಚ್ ೬

ಇವತ್ತು ಮಂಚದ ಕೆಳಗೆ ಗುಡಿಸುವಾಗ ಪೊರಕೆಗೆ ಒಂದು ರಟ್ಟಿನ ಪೆಟ್ಟಿಗೆ ತಗುಲಿತು. ಎಳೆದೆ.

“ಅದನ್ನ ಮುಟ್ಟಬೇಡ” ಅಂದ. ಬೋರಲು ಮಲಗಿದವನಿಗೆ ನೆಲವೇ ಎದುರು ತಾನೆ, ಏನೋ ಸರಿದದ್ದು ಗೊತ್ತಾಗಿದೆ.

ಅಷ್ಟರಲ್ಲಿ ಮುಚ್ಚಳ ತೆಗೆದಿದ್ದೆ. ಚಿತ್ರಕಥೆ ಪುಸ್ತಕಗಳು! ಮೇಲಿನದರ ರಟ್ಟಿನ ಮೇಲೆ ಕರ್ರಗೆ ‘ಇದ್ದಿಲು’ ಅಂತ ಹೆಸರು, ಅದರ ಕೆಳಗೆ ಒಬ್ಬ ಸತ್ತು ಬಿದ್ದಿದ್ದಾನೆ. ಅರವತ್ತು ಮುಟ್ಟಿದ ಗಂಡಸಿನ ಮಂಚದ ಕೆಳಗೆ ಇದು. ನಗು ತಡೆಯಲು ಸೆರಗು ಬಾಯಿಗೆ ಇಟ್ಟುಕೊಂಡೆ.

“ನಗು, ನಗು” ಅಂದ. “ಗಿರಾಕಿ ಇಲ್ಲದಾಗ ನೊಣ ಹೊಡೀತಾ ಕೂರಲಾ?”

ಒಂದರಿಂದ ನಾಲ್ಕನೇ ಸಂಚಿಕೆಯವರೆಗೆ ಅವನಿಗೆ ಬಾಯಿಪಾಠವಂತೆ. ಐದು, ಆರು, ಏಳು ಹಳೇ ಪುಸ್ತಕದಂಗಡಿಯವರು ತರಿಸಿಕೊಟ್ಟ ವಾರವೇ ಕಣ್ಣಿನಲ್ಲಿ ಕಪ್ಪು ಹೊಗೆ ಎದ್ದದ್ದು. ಅವನ್ನು ತೆರೆದೂ ನೋಡಿಲ್ಲ. ಹೇಳುವಾಗ ಧ್ವನಿ ಬೇರೆಯೇ ಇತ್ತು. ಊಟಕ್ಕೆ ಕರೆದಾಗ ಆಟ ಬಿಟ್ಟು ಬರಬೇಕಾದ ಮಕ್ಕಳು ಮಾತಾಡುತ್ತವಲ್ಲ, ಹಾಗೆ.

“ಓದಿ ಹೇಳಲಾ?” ಅಂತ ಬಾಯಿಗೆ ಬಂದುಬಿಟ್ಟಿತು.

ಮಾರ್ಚ್ ೭

ನನ್ನ ಕೈಯಲ್ಲಿ ಆಗುವ ಕೆಲಸ ಅಲ್ಲ ಇದು. ಮಾತಿದ್ದರೆ ಓದಬಹುದು. ಈ ಪುಸ್ತಕದಲ್ಲಿ ಪುಟಗಟ್ಟಲೆ ಯಾರೂ ತುಟಿ ಬಿಚ್ಚುವುದಿಲ್ಲ. ಕಪ್ಪು ಬಿಟ್ಟರೆ ಬಿಳುಪು, ಬಿಳುಪು ಬಿಟ್ಟರೆ ಕಪ್ಪು.

“ಒಬ್ಬ ನಿಂತಿದ್ದಾನೆ” ಅಂದೆ.

“ಎಲ್ಲಿ?”

“ರಸ್ತೇಲಿ.”

“ನೆರಳು ಎತ್ತ ಬಿದ್ದಿದೆ?”

“ನೆರಳು ಅಂದ್ರೆ... ನೆರಳು ಇದೆ.”

“ಹೆಣದ ಕಡೆಗೋ, ಬಾಗಿಲ ಕಡೆಗೋ?”

ನೋಡಿದೆ. ಬಾಗಿಲ ಕಡೆಗೆ ಇತ್ತು, ಬಾಗಿಲ ಕೆಳಗಿನ ಸಂದಿಯಲ್ಲಿ ನುಗ್ಗಿ ಒಳಗೂ ಹೋಗಿತ್ತು. ಹೇಳಿದೆ. ಅಣ್ಣ ಉಸಿರು ಬಿಟ್ಟ. “ಹಾಂ. ಅಂದ್ರೆ ಒಳಗಿರೋಳಿಗೆ ಇವನು ಬಂದದ್ದು ಗೊತ್ತಾಗಿದೆ.”

ಬಾಯಿಪಾಠ ಇದ್ದರೂ ನನ್ನ ಬಾಯಿಂದ ಹೇಳಿಸುತ್ತಾನೆ. ಒಂದನೇ ಸಂಚಿಕೆಯ ಅರ್ಧಕ್ಕೇ ಗಂಟಲು ಒಣಗಿತು.

ಮಾರ್ಚ್ ೯, ಶನಿವಾರ

ಇದರ ನಾಯಕ ಪೊಲೀಸರಿಗಾಗಿ ಹೆಣಗಳ ಫೋಟೋ ತೆಗೆಯುವವನು. ಹೆಸರಿಲ್ಲ, ಎಲ್ಲರೂ ಫೋಟೋದವನು ಅನ್ನುತ್ತಾರೆ. ಒಂದು ಕೊಲೆಯ ಚಿತ್ರ ತೊಳೆಯುವಾಗ ಸತ್ತವನ ಬೂಟಿನ ಲೇಸು ಅವನಿಗೆ ಕಾಣುತ್ತದೆ. ಗಂಟು ತಲೆಕೆಳಗು. ತಾನೇ ಕಟ್ಟಿಕೊಂಡರೆ ಹಾಗೆ ಬೀಳುವುದಿಲ್ಲ, ಎದುರು ಕೂತು ಬೇರೆಯವರು ಕಟ್ಟಿದರೆ ಮಾತ್ರ ಹಾಗೆ. ಅಂದರೆ ಸತ್ತಮೇಲೆ ಯಾರೋ ಬೂಟು ತೊಡಿಸಿದ್ದಾರೆ. ಮೇಲಿನವರಿಗೆ ಹೇಳಿದರೆ ಕೆಲಸ ಕಿತ್ತುಕೊಳ್ಳುತ್ತಾರೆ. ಅವನು ಸ್ಟುಡಿಯೋ ನಡೆಸುವ ಒಬ್ಬ ವಿಧವೆಯ ಕತ್ತಲೆಕೋಣೆಯಲ್ಲಿ ಕೂತು ತಾನೇ ಹುಡುಕಲು ಶುರುಮಾಡುತ್ತಾನೆ. ಎರಡನೆಯದು, ಮೂರನೆಯದು ಒಂದೇ ದಿನದಲ್ಲಿ ಮುಗಿಸಿದೆವು. ಹಾಲು ಉಕ್ಕಿ ಒಲೆಯೆಲ್ಲ ಹರಿದದ್ದು ವಾಸನೆ ಬಂದಮೇಲೆ ಗೊತ್ತಾಯಿತು.

ಹಾಲು ತರಲು ಇಳಿದಾಗ ಎದುರು ಕಟ್ಟಡದ ಮೆಟ್ಟಿಲ ಮೇಲೆ ಒಬ್ಬಾಕೆ ಕೂತಿದ್ದರು. ಕಂಬಿಗಳ ನೆರಳು ಅವರ ಮಡಿಲಿನ ಚೀಲದ ಮೇಲೆ ಪಟ್ಟೆ ಪಟ್ಟೆಯಾಗಿ ಬಿದ್ದಿತ್ತು. ಚೀಲದ ಹಿಡಿಯನ್ನು ಎರಡೂ ಕೈಯಲ್ಲಿ ತಿರುಚುತ್ತಿದ್ದರು. ಮನೆಗೆ ಹೋಗಲು ಮನಸ್ಸಿಲ್ಲದವರು ಅನ್ನಿಸಿತು. ಮಗಳಿಗೆ ಫೋನಿನಲ್ಲಿ ಹೇಳಿದೆ. “ಅಮ್ಮಾ, ನಿಂಗೇನಾಯ್ತು? ಹಾಲು ತಂದೆ ಅಂತ ಹೇಳೋಕೆ ಇಷ್ಟುದ್ದ ಮಾತಾಡ್ತಿದ್ದೀಯ” ಅಂದಳು. ಏನಾಗಿದೆ ನನಗೆ? ಏನೂ ಇಲ್ಲ.

ಹನಿ ಹಾಕಿದೆ. ಕಣ್ಣು ಕೆಂಡದ ಹಾಗೆ ಕೆಂಪಗಿದೆ. ಅದು ಸಹಜ ಅಂದಿದ್ದಾರೆ.

ಮಾರ್ಚ್ ೧೧

ಇವತ್ತು ಐದನೆಯದು. ಇದು ಅವನೂ ಓದದ್ದು. ಇಬ್ಬರಿಗೂ ಒಂದೇ ಸಲ ತಿಳಿಯುವುದರಲ್ಲಿ ಏನೋ ಒಂದು ಇದೆ. ಪುಟ ತಿರುಗಿಸುವ ಮೊದಲು ಇಬ್ಬರೂ ಸುಮ್ಮನಾಗುತ್ತೇವೆ. ಬೂಟು ತೊಡಿಸಿದವರು ಪೊಲೀಸ್ ವರಿಷ್ಠರೇ! ಅವರು ಫೋಟೋದವನ ಹೆಗಲ ಮೇಲೆ ಕೈಯಿಟ್ಟು “ನಿನ್ನ ಕಣ್ಣುಗಳು ಬಹಳ ಚೆನ್ನಾಗಿವೆ” ಅನ್ನುವಲ್ಲಿ ಸಂಚಿಕೆ ಮುಗಿಯುತ್ತದೆ. ಆ ಕೈಯನ್ನು ಎಷ್ಟು ದೊಡ್ಡದಾಗಿ ಬರೆದಿದ್ದಾನೆ ಅಂದರೆ ಮುಖಕ್ಕೆ ಜಾಗವೇ ಇಲ್ಲ. ನನ್ನ ಹೆಗಲು ಜುಮ್ಮೆಂದಿತು.

“ಆರನೇದು ತೆಗಿ” ಅಂದ. ನಾಳೆ ಅಂದೆ. ಬೈದ. ಚಿಕ್ಕವಳಿದ್ದಾಗ ಬೈದ ಹಾಗಲ್ಲ.

ಆಮೇಲೆ, “ಕಿಟಕಿ ಮುಚ್ಚಿದ್ದೀಯಾ?” ಅಂತ ಕೇಳಿದ. ಕಿಟಕಿ ತೆರೆದೇ ಇತ್ತು, ಬಿಸಿಲು ಮಂಚದವರೆಗೂ ಬಂದಿತ್ತು. “ಸೆಖೆಯಾ? ಇನ್ನೂ ತೆರೀಲಾ?” ಅಂದೆ. “ಬೇಡ ಬಿಡು” ಅಂದ.

ಮಾರ್ಚ್ ೧೨, ಮಂಗಳವಾರ

ಇವತ್ತು ಅಕ್ಷರ ಅಡ್ಡಾದಿಡ್ಡಿ.

ಆರನೇ ಸಂಚಿಕೆ. ಕತ್ತಲೆಕೋಣೆ. ಫೋಟೋದವನು ತೊಟ್ಟಿಯ ಮೇಲೆ ಬಗ್ಗಿ ಚಿತ್ರ ಮೂಡುವುದನ್ನೇ ನೋಡುತ್ತಿದ್ದಾನೆ. ಹಿಂದೆ ಬಾಗಿಲು ಕೂದಲೆಳೆಯಷ್ಟು ತೆರೆದಿದೆ. ಅದೆಲ್ಲ ಹೇಳಿದೆ. ಪುಟ ತಿರುಗಿಸಿದೆ.

ಇಡೀ ಎರಡು ಪುಟ ಒಂದೇ ಚಿತ್ರ. ಆಸಿಡ್ ಬಾಟಲಿ ಹಿಡಿದ ಕೈ, ಗಾಳಿಯಲ್ಲಿ ಹರಡಿದ ದ್ರವ, ಮೇಲೆತ್ತಿದ ಅವನ ಮುಖ. ಎರಡು ಕಣ್ಣಿನ ಜಾಗದಲ್ಲಿ ಚಿತ್ರಕಾರ ಕಾಗದವನ್ನು ಹಾಗೇ ಬೆಳ್ಳಗೆ ಬಿಟ್ಟಿದ್ದಾನೆ.

“ಹೂಂ? ಆಮೇಲೆ?” ಅಂದ ಅಣ್ಣ.

ದಿಂಬಿಗೆ ಮುಖ ಒತ್ತಿ ಮಲಗಿದ್ದಾನೆ, ಕುತ್ತಿಗೆ ಊದಿಕೊಂಡಿದೆ. ಉಳಿದ ಒಂದು ಕಣ್ಣಿಗಾಗಿ ಹೀಗೆ ಬಿದ್ದಿರುವವನ ಮುಂದೆ ಇದನ್ನು ಹೇಗೆ ಹೇಳಲಿ?

“ಬಾಟಲಿ ಎಸೀತಾರೆ ಅಣ್ಣ. ಆದ್ರೆ ಗುರಿ ತಪ್ಪುತ್ತೆ. ಗೋಡೆಗೆ ಬಡಿದು ಒಡೆಯುತ್ತೆ” ಅಂದೆ.

ಅಲ್ಲಿಂದ ಮುಂದೆ ಪ್ರತಿ ಪುಟದಲ್ಲೂ ಅವನ ಮುಖಕ್ಕೆ ಬ್ಯಾಂಡೇಜ್ ಇದೆ. ನಾನು ಒಂದೊಂದು ಪುಟವನ್ನೂ ನೋಡುತ್ತ ಬೇರೆಯದನ್ನೇ ಹೇಳುತ್ತ ಹೋದೆ. ಓಡಿದ ಅಂದೆ, ಕಟ್ಟಡದ ಮಾಡು ಹತ್ತಿದ ಅಂದೆ. ನಮ್ಮ ಕಚೇರಿಯಲ್ಲಿ ಪೈಪು ಒಡೆದು ಎರಡು ದಿನ ನೀರಿಲ್ಲ ಅಂತ ಗೊತ್ತಿದ್ದೂ “ಸಂಜೆಯೊಳಗೆ ಬರುತ್ತೆ ಸರ್” ಅನ್ನುತ್ತೇನಲ್ಲ, ಅದೇ ನಾಲಗೆ. ಸಲೀಸಾಗಿ ಹರಿಯಿತು. ಒಂದು ಸುಳ್ಳಿಗೆ ಹತ್ತು ಸುಳ್ಳು ಅನ್ನುತ್ತಾರೆ, ನನಗೆ ಇಡೀ ಸಂಚಿಕೆಯೇ ಬೇಕಾಯಿತು.

ಅಣ್ಣ ಎಲ್ಲಿಯೂ ತಡೆಯಲಿಲ್ಲ. ನೆರಳು ಎತ್ತ ಅಂತಲೂ ಕೇಳಲಿಲ್ಲ.

ಮಾರ್ಚ್ ೧೩

ಏಳನೆಯದನ್ನು ಇವತ್ತೇ ಹೇಳು ಅಂದ. ತೆರೆಯುವ ಧೈರ್ಯ ಬರಲಿಲ್ಲ. ಮಡಿಲಲ್ಲಿ ಇಟ್ಟುಕೊಂಡು, ಆಗಾಗ ಹಾಳೆ ಸದ್ದು ಮಾಡುತ್ತ, ಬಾಯಿಗೆ ಬಂದದ್ದು ಹೇಳಿದೆ. ವರಿಷ್ಠರು ಸಿಕ್ಕಿಬಿದ್ದರು. ಫೋಟೋದವನಿಗೆ ಕೆಲಸ ವಾಪಸ್. ಕೊನೆಯ ಚಿತ್ರದಲ್ಲಿ ಅವನೂ ಆ ವಿಧವೆಯೂ ಸೇತುವೆಯ ಮೇಲೆ ನಿಂತಿದ್ದಾರೆ, ಬೆಳಗಾಗಿದೆ, ಸೂರ್ಯ ಹುಟ್ಟುತ್ತಿದ್ದಾನೆ, ನೀರೆಲ್ಲ ಬೆಳಕು ಅಂದೆ.

ಅಣ್ಣ ದಿಂಬಿನಲ್ಲೇ ಮುಖ ಹೊರಳಿಸಿದ.

“ಸೂರ್ಯ?” ಅಂದ.

“ಹೂಂ.”

“ಈ ಚಿತ್ರಕಾರ ಒಂದು ಸಲವೂ ಸೂರ್ಯನ್ನ ಬರೆದಿಲ್ಲ ಕಣೇ. ಹಗಲೇ ಇಲ್ಲ ಇವನ ಊರಲ್ಲಿ.”

ಮಡಿಲಲ್ಲಿದ್ದ ಪುಸ್ತಕವನ್ನು ಪಕ್ಕಕ್ಕಿಟ್ಟೆ.

“ಆರನೇದರಲ್ಲೇ ಗೊತ್ತಾಯ್ತು. ಫೋಟೋದವನು ಮಾಡು ಹತ್ತೋದಿಲ್ಲ. ಅವನಿಗೆ ಮೊಣಕಾಲು ನೋವಿದೆ. ಎರಡನೇದು ನೀನೇ ಓದಿದ್ದು, ಮರೆತೆಯಾ?” ಧ್ವನಿ ಏರಲಿಲ್ಲ, ನನಗೆ ಹೆದರಿಕೆಯಾದದ್ದು ಅದಕ್ಕೇ. “ಆ ಬಾಟಲಿ ಅವನ ಕಣ್ಣಿಗೆ ಬಿತ್ತಲ್ವಾ?”

“ಬಿತ್ತು” ಅಂದೆ.

“ನಂಗ್ಯಾಕೆ ಹೇಳ್ಲಿಲ್ಲ? ನಾನೇನು ಎಳೇ ಮಗುವಾ?”

ಎಲ್ಲಿಂದ ಬಂತೋ ಸಿಟ್ಟು, ನನಗೇ ಗೊತ್ತಿಲ್ಲ. “ನೀನು ಮಾತ್ರ ಎಲ್ಲ ಹೇಳ್ತೀಯಾ? ಹುಟ್ಟಿದಾಗಿಂದ ಒಂದು ನೋವು ಬಾಯಿಬಿಟ್ಟು ಹೇಳಿದ್ದೀಯಾ? ಮೊನ್ನೆಯಿಂದ ಕಿಟಕಿ ಮುಚ್ಚಿದ್ಯಾ ಮುಚ್ಚಿದ್ಯಾ ಅಂತ ಕೇಳ್ತಿದ್ದೀಯಲ್ಲ, ಯಾಕೆ? ಬಿಸಿಲು ಮಂಚದ ಮೇಲೇ ಬಿದ್ದಿದೆ!” ಅಂತ ಕೂಗಿದೆ.

ಕೂಗಿದಮೇಲೆ ಆ ಮಾತು ನನ್ನ ಕಿವಿಗೇ ಬಿತ್ತು. ಬಿಸಿಲು ಮಂಚದ ಮೇಲೇ ಬಿದ್ದಿದೆ.

ಮಂಡಿಯೂರಿ ಅವನ ಮುಖದ ಹತ್ತಿರ ಹೋದೆ. “ಅಣ್ಣ, ಏನು ಕಾಣ್ತಿದೆ? ನಿಜ ಹೇಳು.”

“ಮಸುಕು ಇರುತ್ತೆ ಅಂದಿದ್ರಲ್ಲ.”

“ಮಸುಕು ಬಿಡು. ಇನ್ನೇನು?”

ದಿಂಬಿನೊಳಗಿಂದ ನಿಧಾನಕ್ಕೆ ಹೇಳಿದ. ಭಾನುವಾರದಿಂದ ಒಂದು ಮೂಲೆಯಲ್ಲಿ ಕಪ್ಪು. ಮೊದಲು ಉಗುರಿನಷ್ಟು, ಈಗ ಅಂಗೈಯಷ್ಟು. ನೀರು ಏರುವ ಹಾಗೆ ಏರುತ್ತಿದೆ. ಹೇಳಿದರೆ ನಾನು ಹೆದರಿಕೊಳ್ಳುತ್ತೇನೆ ಅಂತ ಹೇಳಲಿಲ್ಲವಂತೆ. ಹೇಳಿದರೆ ಅದು ನಿಜವಾಗಿಬಿಡುತ್ತದೆ ಅಂತಲೂ ಇರಬಹುದು. ಇದು ನಾನು ಊಹಿಸಿದ್ದು.

ಟ್ಯಾಕ್ಸಿ ಬಂದಿದೆ. ಉಳಿದದ್ದು ಆಮೇಲೆ.

ಮಾರ್ಚ್ ೧೪

ಆಸ್ಪತ್ರೆಯ ಬೆಂಚಿನ ಮೇಲೆ.

ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದರು. ಪರದೆ ಮತ್ತೆ ಕೆಳಗಿನಿಂದ ಕಿತ್ತುಕೊಂಡಿದೆ. ಇವತ್ತೇ ಇನ್ನೊಂದು ಆಪರೇಷನ್, ಈ ಸಲ ಗಾಳಿಯ ಬದಲು ಎಣ್ಣೆ ತುಂಬುತ್ತಾರಂತೆ. “ಮೊದಲಿನ ಹಾಗೆ ಕಾಣೋದು ಕಷ್ಟ. ಸಣ್ಣ ಕೆಲಸ ಮಾಡುವಷ್ಟು ದೃಷ್ಟಿ ಬರುತ್ತೆ ಅಂತ ನಾನು ಹೇಳಲಾರೆ. ಇನ್ನು ಎರಡು ದಿನ ಬಿಟ್ಟಿದ್ದರೆ ಏನೂ ಉಳಿಯುತ್ತಿರಲಿಲ್ಲ” ಅಂದರು. ಹೋಗುವಾಗ ನನ್ನ ತೋಳು ಮುಟ್ಟಿ, “ಅವರಿಗೆ ಈಗಲೇ ಎಲ್ಲ ಹೇಳಬೇಕಂತಿಲ್ಲ. ಧೈರ್ಯ ಇರಲಿ ಅನ್ನಿ ಸಾಕು” ಅಂದರು. ಒಳ್ಳೆಯವರು.

ಅಣ್ಣ ಒಳಗೆ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಗೋಡೆಯ ಟ್ಯೂಬ್‌ಲೈಟು ಅವನ ಬೆನ್ನ ಮೇಲೆ ಮಾತ್ರ ಬಿದ್ದಿತ್ತು, ಕೈಗಳು ಕತ್ತಲಲ್ಲಿದ್ದವು. ಇಲ್ಲದ ಕೀಲಿಕೈ ಒಂದನ್ನು ಹೆಬ್ಬೆರಳು ಉಜ್ಜುತ್ತಿತ್ತು.

ಪಕ್ಕದಲ್ಲಿ ಕೂತೆ. ಎಲ್ಲ ಹೇಳಿದೆ. ಕಿತ್ತುಕೊಂಡಿದೆ ಅಂದೆ. ಎಣ್ಣೆ ಅಂದೆ. ಮೊದಲಿನ ಹಾಗೆ ಆಗುವುದಿಲ್ಲ ಅಂದೆ. ಅರ ಹಿಡಿದು ಕೀಲಿಯ ಹಲ್ಲು ಉಜ್ಜುವ ಕೆಲಸ ಆಗದೇ ಇರಬಹುದು ಅಂದೆ. ಒಂದೊಂದು ಮಾತಿನ ನಡುವೆ ನಿಲ್ಲಿಸಿದೆ, ಪುಟ ತಿರುಗಿಸುವ ಮೊದಲು ನಿಲ್ಲಿಸುತ್ತಿದ್ದೆನಲ್ಲ, ಹಾಗೆ.

“ಅಷ್ಟೇನಾ?”

“ಅಷ್ಟೇ. ಇದರಲ್ಲಿ ಸೂರ್ಯ ಇಲ್ಲ.”

ಅವನ ಹೆಗಲು ಕುಲುಕಿತು. ಅಳುತ್ತಿದ್ದಾನೆ ಅಂದುಕೊಂಡೆ. ನಗುತ್ತಿದ್ದ. ಆಮೇಲೆ ಅತ್ತ. “ಮುಂಗುಸಿ” ಅಂದ. ಚಿಕ್ಕವಳಿದ್ದಾಗ ಅವನ ಕೈ ಕಚ್ಚಿದ್ದಕ್ಕೆ ಇಟ್ಟ ಹೆಸರು. ನನ್ನ ಮದುವೆಯಾದಮೇಲೆ ಒಂದು ಸಲವೂ ಹಾಗೆ ಕರೆದಿರಲಿಲ್ಲ.

ಈಗ ಒಳಗೆ ಕರೆದುಕೊಂಡು ಹೋಗಿದ್ದಾರೆ. ಬಾಗಿಲ ಮೇಲೆ ಕೆಂಪು ದೀಪ. ಕಾಯುವುದು ಬಿಟ್ಟರೆ ಬೇರೆ ಕೆಲಸವಿಲ್ಲ.

ಮಾರ್ಚ್ ೧೫

ಆಪರೇಷನ್ ಆಯಿತು. ಏನೂ ಹೇಳಲು ಬರುವುದಿಲ್ಲ ಅಂದರು.

ಮತ್ತೆ ಬೋರಲು.

ಮಾರ್ಚ್ ೧೮

ಇವರು ಬಂದಿದ್ದರು. ಬಾಗಿಲಲ್ಲೇ ನಿಂತು, “ಇದಕ್ಕೊಂದು ಕೊನೆ ಇದೆಯಾ? ಮನೆಗೆ ಯಾವಾಗ ಬರ್ತೀಯ?” ಅಂದರು. “ಗೊತ್ತಿಲ್ಲ. ಗೊತ್ತಾದ ದಿನ ಹೇಳ್ತೀನಿ” ಅಂದೆ. ಬೇಗ ಬರುತ್ತೇನೆ ಅನ್ನಬಹುದಿತ್ತು, ಅನ್ನಲಿಲ್ಲ. ಇವರು ನನ್ನ ಮುಖವನ್ನೇ ನೋಡಿದರು, ಮುಖ ತೊಳೆದಿಲ್ಲ ಅಂತ ಇರಬೇಕು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು ಅಣ್ಣನಿಗೆ ಸೂಪ್ ಕುಡಿಸಿದರು. ಅರ್ಧ ನೆಲಕ್ಕೆ, ಅರ್ಧ ಬಾಯಿಗೆ.

ಮಾರ್ಚ್ ೨೦

ಆರನೆಯದನ್ನು ಮತ್ತೆ ಹೇಳಿದೆ. ಇದ್ದದ್ದು ಇದ್ದ ಹಾಗೆ. ಆ ಎರಡು ಪುಟ ಬಂದಾಗ, “ಕಣ್ಣಿನ ಜಾಗ ಹೇಗೆ ಬರೆದಿದ್ದಾನೆ?” ಅಂತ ಕೇಳಿದ.

“ಬರೆದೇ ಇಲ್ಲ ಅಣ್ಣ. ಮಸಿ ತಾಗಿಸಿಲ್ಲ. ಬರೀ ಕಾಗದ.”

“ಕಪ್ಪು ಮಾಡಿಲ್ಲವಾ?”

“ಇಲ್ಲ. ಬಿಳಿ.”

“ಸರಿಯಾಗಿ ಬರೆದಿದ್ದಾನೆ” ಅಂದ. “ನನ್ನ ಎಡಗಣ್ಣಲ್ಲೂ ಹಾಗೇ ಇರೋದು.”

ಅವನ ಬೆನ್ನ ಮೇಲೆ ಕೈಯಿಟ್ಟುಕೊಂಡು ಉಳಿದದ್ದು ಓದಿದೆ.

ಮಾರ್ಚ್ ೨೧

ಏಳನೆಯದು. ವರಿಷ್ಠರಿಗೆ ಏನೂ ಆಗುವುದಿಲ್ಲ. ಪದಕ ಸಿಗುತ್ತದೆ! ವಿಧವೆ ಸ್ಟುಡಿಯೋಗೆ ಬೀಗ ಹಾಕಿ ರೈಲು ಹತ್ತುತ್ತಾಳೆ. ಫೋಟೋದವನು ಖಾಲಿ ಕತ್ತಲೆಕೋಣೆಯಲ್ಲಿ ಕೂತು ತೊಟ್ಟಿಯ ನೀರಿನ ಸದ್ದು ಕೇಳುತ್ತಾನೆ. ಅಷ್ಟೇ. ಓದಿ ಮುಗಿಸಿ ನಾನು ಪುಸ್ತಕ ಎಸೆದೆ. “ಇದೂ ಒಂದು ಕೊನೆಯಾ? ಆ ಮನುಷ್ಯನಿಗೆ ಶಿಕ್ಷೆ ಬೇಡವಾ?” ಅಂತ ಜಗಳಕ್ಕೇ ನಿಂತೆ. ಅಣ್ಣ ಬರೆದವನ ಪರ. ಕತ್ತಲಾಗುವವರೆಗೂ ವಾದ. ಕೆಳಗಿನ ಮನೆಯವರು ಏನಾಯಿತು ಅಂತ ಹತ್ತಿ ಬಂದರು.

ಹನಿ ಹಾಕಿದ್ದು ಬರೆಯಲು ಎಷ್ಟೋ ದಿನದಿಂದ ಮರೆತಿದ್ದೇನೆ. ಹಾಕುವುದು ಮರೆತಿಲ್ಲ.

ಏಪ್ರಿಲ್ ೮

ಕೆಲಸಕ್ಕೆ ಹೋದ ಮೊದಲ ದಿನ. ಸಂಜೆ ಮೇಲ್ವಿಚಾರಕರು ಕರೆದು, “ಏನಮ್ಮ, ಇವತ್ತು ನೀರು ಬರಲ್ಲ ಅಂತ ನೇರವಾಗಿ ಹೇಳಿಬಿಟ್ಟೆಯಂತೆ?” ಅಂದರು. ಬರುವುದಿಲ್ಲ ತಾನೆ, ಅಂದೆ. ಇದರಲ್ಲೇನಿದೆ ದೊಡ್ಡ ವಿಷಯ?

ಅಣ್ಣ ಈಗ ಕುಳಿತುಕೊಳ್ಳುತ್ತಾನೆ. ಬಾಗಿಲು ಯಾವುದು, ಗೋಡೆ ಯಾವುದು ಗೊತ್ತಾಗುತ್ತದೆಯಂತೆ.

ಮೇ ೬, ಸೋಮವಾರ

ಇವತ್ತು ಆಸ್ಪತ್ರೆಯಲ್ಲಿ ಅಣ್ಣನಿಂದ ಬೋರ್ಡಿನ ಅಕ್ಷರ ಓದಿಸಿದರು. ಮೇಲಿನ ದೊಡ್ಡ ಅಕ್ಷರ ಓದಿದ. ಅದರ ಕೆಳಗಿನ ಸಾಲನ್ನು ತಲೆ ವಾರೆ ಮಾಡಿ, ಕಣ್ಣಂಚಿನಿಂದ ಹುಡುಕಿ ಹುಡುಕಿ ಅರ್ಧ ಓದಿದ. ಮೂರನೆಯ ಸಾಲಿಗೆ “ಇಲ್ಲ” ಅಂದ. ಪರದೆ ಕೂತಿದೆ, ನಡುಭಾಗ ಹೋಗಿದೆ, ಇಷ್ಟೇ ಉಳಿಯುವುದು ಅಂದರು ಡಾಕ್ಟರಮ್ಮ. ಅಣ್ಣನಿಗೇ ಹೇಳಿದರು, ನನ್ನನ್ನು ಹೊರಗೆ ಕರೆಯಲಿಲ್ಲ.

ಅಂಗಡಿ ಬಿಟ್ಟುಕೊಡುತ್ತಾನಂತೆ. ನನ್ನ ಮನೆಗೆ ಬಾ ಅಂದದ್ದಕ್ಕೆ, “ನಿನ್ನ ಗಂಡ ಸೂಪ್ ಕುಡಿಸ್ತಾನೆ, ಬೇಡ” ಅಂದ. ಬಸ್ಸಿನಿಂದ ಇಳಿದು ನನ್ನ ಮೊಣಕೈ ಹಿಡಿದು ನಡೆಯುತ್ತಿದ್ದವನು ಹಳೇ ಪುಸ್ತಕದಂಗಡಿಯ ವಾಸನೆಗೆ ನಿಂತ. ಅಂಗಡಿಯವರು ಇವನನ್ನು ಕಂಡದ್ದೇ ಒಳಗೆ ಹೋಗಿ ಎಂಟನೇ ಸಂಚಿಕೆ ತಂದರು. ಕತೆ ಇನ್ನೂ ಮುಗಿದಿಲ್ಲವಂತೆ! ನಾನು ಕೈ ಚಾಚಿದೆ. ಅಣ್ಣ ಕೊಡಲಿಲ್ಲ.

ಪುಸ್ತಕವನ್ನು ಕೆನ್ನೆಯ ಹತ್ತಿರ ಹಿಡಿದು, ತಲೆ ಅತ್ತ ತಿರುಗಿಸಿ, ಇತ್ತ ತಿರುಗಿಸಿ ನೋಡಿದ. ಜನ ನಮ್ಮನ್ನು ಸುತ್ತಿ ಹೋಗುತ್ತಿದ್ದರು.

“ನಾನು ಹೇಳ್ತೀನಿ, ಕೇಳು. ರಸ್ತೆ. ನಡುವೆ ಒಬ್ಬ ಕೊಡೆ ಹಿಡಿದು ನಿಂತಿದ್ದಾನೆ.”

ರಟ್ಟು ನನಗೂ ಕಾಣುತ್ತಿತ್ತು. “ಅಲ್ಲಣ್ಣ. ಅದು ದೀಪದ ಕಂಬ” ಅಂದೆ.

ಮತ್ತೆ ನೋಡಿದ. ಬಹಳ ಹೊತ್ತು. ಬೆವರು ಕಿವಿಯ ಹಿಂದಿನಿಂದ ಇಳಿಯಿತು.

“ಕಂಬವೇ” ಅಂದ. “ಆದ್ರೆ ಅದರ ಹಿಂದೆ ಯಾರೋ ಇದ್ದಾರೆ.”

“ಯಾರೂ ಇಲ್ಲ. ಬರೀ ಕಂಬ.”

“ಕೆಳಗೆ ನೋಡೇ ಮುಂಗುಸಿ.”

ಬಗ್ಗಿ ನೋಡಿದೆ. ಕಂಬದ ಬುಡದಲ್ಲಿ, ಕಪ್ಪಿನೊಳಗೆ ಕಪ್ಪಾಗಿ, ಒಂದು ಬೂಟಿನ ತುದಿ ಹೊರಗೆ ಚಾಚಿಕೊಂಡಿತ್ತು.